ಶುಕ್ರವಾರ ಒಂದು ದಿನ

ಶಿವವ್ವ ಇವತ್ತು ರೊಟ್ಟಿ ಮನೆಯ ಕೆಲಸಕ್ಕೆ ಬಂದರೆ ಬ್ಯಾಂಕಿಗೆ ಮರಳುವುದಿಲ್ಲ, ಬಾರದಿದ್ದರೆ ಮರಳಿಬಿಡುವುದು ಎಂದು ಶುಭದಾ ಹಲ್ಲುಜ್ಜುತ್ತ ನಿಂತಲ್ಲೇ ತೀರ್ಮಾನಿಸಿದಳು. ಬಾಯಿ ಮುಕ್ಕಳಿಸಿ ಕನ್ನಡಿ ನೋಡಿಕೊಂಡಾಗ ಅವಳಿಗೇ ನಗು ಬಂತು. ಮುಧೋಳದ ಶಾಖೆಯಲ್ಲಿ ಇಷ್ಟು ವರ್ಷ ಅಧಿಕಾರಿಯಾಗಿ ಕೂತವಳು, ಎದುರು ಬಂದವರಿಗೆಲ್ಲ ಹಿಂದುಮುಂದು ನೋಡಿ ಹೆಜ್ಜೆ ಇಡಿ ಎಂದು ಬುದ್ಧಿ ಹೇಳಿದವಳು, ಈಗ ತನ್ನ ಮುಂದಿನ ದಾರಿಯನ್ನು ರಬಕವಿಯ ಒಬ್ಬ ಹೆಂಗಸು ಬೆಳಿಗ್ಗೆ ಮನೆಯಿಂದ ಹೊರಬೀಳುತ್ತಾಳೋ ಇಲ್ಲವೋ ಎಂಬುದಕ್ಕೆ ಗಂಟು ಹಾಕಿ ನಿಂತಿದ್ದಳು. ಆದರೆ ಬೇರೆ ಯಾವ ಅಳತೆಯೂ ಕೈಗೆ ಸಿಗುತ್ತಿರಲಿಲ್ಲ. ಸಂಬಳವಿಲ್ಲದ ರಜೆ ಈ ತಿಂಗಳಿಗೆ ಮುಗಿಯುತ್ತದೆ. ಶಾಖೆಯ ಹಿರಿಯ ಸಾಹೇಬರಾದ ಗಿರಿಮಲ್ಲಪ್ಪನವರು ಮೊನ್ನೆ ಫೋನು ಮಾಡಿ, "ಬುಧವಾರ ಸಂಜಿ ಮಟಾ ಕಾಯ್ತೇನ್ರಿ ಮೇಡಂ, ಆಮ್ಯಾಲೆ ಮ್ಯಾಲಿನವರಿಗೆ ಏನರ ಒಂದು ಹೇಳಬೇಕಾಗ್ತೈತಿ" ಎಂದಿದ್ದರು. ಒಳ್ಳೆಯ ಮನುಷ್ಯ. ಕೆಟ್ಟವರು ಗಡುವು ಹಾಕಿದರೆ ಸಿಟ್ಟು ಮಾಡಿಕೊಂಡು ಹಗುರಾಗಬಹುದು, ಒಳ್ಳೆಯವರು ಹಾಕಿದರೆ ಅದಕ್ಕೂ ದಾರಿಯಿಲ್ಲ. ಇವತ್ತೇ ಬುಧವಾರ.

ಒಳಗೆ ಕೌಸ್ತುಭ ಇನ್ನೂ ಮಲಗಿದ್ದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ಗಂಡನ ಎದೆಯ ಮೇಲಿನ ಹೊದಿಕೆ ಏರಿಳಿಯುವುದನ್ನು ನೋಡಿದಳು. ಏರಿತು, ಇಳಿಯಿತು. ಮತ್ತೊಮ್ಮೆ ಏರುವ ತನಕ ಅವಳ ಉಸಿರೂ ನಿಂತಿತ್ತು. ಹೋದ ವರ್ಷ ಬೆಳಗಾವಿಯ ಆಸ್ಪತ್ರೆಯಿಂದ ಅವನನ್ನು ಕರೆದುಕೊಂಡು ಬಂದಂದಿನಿಂದ ಅಂಟಿದ ಚಟ ಇದು. ವೈದ್ಯರು ಇನ್ನೇನೂ ಭಯವಿಲ್ಲ ಎಂದಿದ್ದಾರೆ, ಅವನು ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಮೊದಲಿನಂತೆ ಹೋಗಿಬರುತ್ತಿದ್ದಾನೆ, ಮೆಟ್ಟಿಲು ಹತ್ತುತ್ತಾನೆ, ಜಗಳ ಕೂಡ ಆಡುತ್ತಾನೆ. ಆದರೂ ಅವಳ ಕಣ್ಣು ಹೊದಿಕೆಯನ್ನು ಬಿಡುವುದಿಲ್ಲ. "ಇದ್ದೀನಿ ಮಾರಾಯ್ತಿ, ಹೋಗಿ ಚಹಾ ಇಡು" ಎಂದು ಕೌಸ್ತುಭ ಕಣ್ಣು ತೆರೆಯದೆಯೇ ಹೇಳಿದ. ಸಿಕ್ಕಿಬಿದ್ದ ನಾಚಿಕೆಯಲ್ಲಿ ಅವಳು ಅಡುಗೆಮನೆಗೆ ಹೋದಳು. ಚಹಾ ಕುಡಿಯುವಾಗ ಅವನೇ ಕೇಳಿದ: "ಗಿರಿಮಲ್ಲಪ್ಪನವರಿಗೆ ಏನಂತ ಹೇಳಾಕಿದ್ದಿ?" "ಇನ್ನೂ ವಿಚಾರ ಮಾಡ್ಲಿಕತ್ತೀನಿ." "ನಾ ಹೇಳೋದು ಇಷ್ಟ. ನಿನಗ ಯಾವುದರಾಗ ಸಮಾಧಾನ ಅದನೋ ಅದನ್ನ ಮಾಡು. ನನ್ನ ಸಲುವಾಗಿ ಏನೂ ಮಾಡಬ್ಯಾಡ." ಅವನ ಈ ಉದಾರತನ ಅವಳಿಗೆ ಸೇರಲಿಲ್ಲ. ನನ್ನ ಸಲುವಾಗಿ ಏನೂ ಮಾಡಬೇಡ ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟ. ಮಾಡಿದ್ದೆಲ್ಲ ಅವನ ಸಲುವಾಗಿಯೇ ಎಂದು ಹೇಳಿದರೆ ಈ ಮನುಷ್ಯ ಚಹಾದ ಬಸಿಯನ್ನು ಕೆಳಗಿಟ್ಟು ಏನನ್ನುತ್ತಾನೆ?

ಆಸ್ಪತ್ರೆಯ ಆ ಉದ್ದ ಪಡಸಾಲೆಯಲ್ಲಿ ಅವಳ ಪಕ್ಕ ಒಬ್ಬ ಹೆಂಗಸು ಕೂತಿದ್ದಳು, ಯಾವ ಊರಿನವಳೋ. ಒಳಗಿನಿಂದ ಯಾರೋ ಬಂದು ಅವಳ ಅಣ್ಣನ ಕಿವಿಯಲ್ಲಿ ಏನೋ ಹೇಳಿದರು. ಅಣ್ಣ ಅಳಲಿಲ್ಲ. ತಂಗಿಯ ಹತ್ತಿರ ಬಂದು ಅವಳ ಕೈಬಳೆಗಳ ಮೇಲೆ ತನ್ನ ಅಂಗೈ ಮುಚ್ಚಿ ಸುಮ್ಮನೆ ಕೂತ. ಶುಭದಾ ಆ ಬೆಂಚಿನಿಂದ ಎದ್ದು ಹೋಗಿ ಬೇರೆ ಬೆಂಚಿನ ಮೇಲೆ ಕೂತಳು. ನೀರು ಬೇಕೇನು ಎಂದು ಕೇಳಲಿಲ್ಲ, ಹೆಗಲ ಮೇಲೆ ಕೈ ಇಡಲಿಲ್ಲ. ಆ ಬೇರೆ ಬೆಂಚಿನ ಮೇಲೆ ಕೂತೇ ಅವಳು, ನನ್ನ ಗಂಡ ನಡೆದು ಹೊರಗೆ ಬರಲಿ, ಇಂಥ ಹೆಂಗಸರಿಗಾಗಿ ನಾನು ಏನಾದರೂ ಮಾಡುತ್ತೇನೆ ಎಂದು ಬೇಡಿಕೊಂಡಳು. ಯಾವ ದೇವರಿಗೆ ಹೇಳಿಕೊಂಡೆ ಎಂಬುದು ಅವಳಿಗೇ ಗೊತ್ತಿಲ್ಲ. ಕೇಳಿಸಿಕೊಂಡವರು ಯಾರೋ, ತಮ್ಮ ಪಾಲಿನದನ್ನು ನಡೆಸಿಕೊಟ್ಟರು. ಕೌಸ್ತುಭ ನಡೆದೇ ಬಂದ. ಇನ್ನು ಸರದಿ ಅವಳದು. ಗಂಡನ ಆರೈಕೆಗೆಂದು ಹಾಕಿದ ರಜೆಯನ್ನು ಅವಳು ಬೆಳೆಸಿದಳು. ಬನಹಟ್ಟಿಯಲ್ಲಿ ಕೈಮಗ್ಗಗಳನ್ನು ಕಿತ್ತುಹಾಕಿ ಖಾಲಿ ಬಿಟ್ಟಿದ್ದ ಒಂದು ಮನೆ ಹಿಡಿದು, ರೊಟ್ಟಿ ಸುಡುವ ಹಂಚುಗಳನ್ನು ಹೂಡಿ, 'ಸಮತಾ ಖಡಕ್ ರೊಟ್ಟಿ' ಎಂದು ಹೆಸರಿಟ್ಟಳು. ಗಂಡನನ್ನು ಕಳೆದುಕೊಂಡವರಿಗೆ ಮೊದಲ ಅವಕಾಶ ಎಂದು ಸಾರಿದಳು. ಜಮಖಂಡಿಯ ಮಹಿಳಾ ಮಂಡಳದವರು ಕರೆದು ಶಾಲು ಹೊದಿಸಿದಾಗ ಮೈಕಿನಲ್ಲಿ, "ನಾನು ಕೆಲಸ ಬಿಟ್ಟಿಲ್ಲ, ಉದ್ದೇಶ ಹಿಡಿದಿದ್ದೇನೆ" ಎಂದಳು. ಚಪ್ಪಾಳೆ ಬಿತ್ತು. ಆ ವಾಕ್ಯವನ್ನು ಹಿಂದಿನ ದಿನ ಸ್ನಾನ ಮಾಡುವಾಗ ಹೊಂದಿಸಿಕೊಂಡಿದ್ದಳು. ಈಗ ಅದು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಸ್ಕೂಟಿ ತೆಗೆದು ಹೊರಬಿದ್ದಾಗ ಶ್ರಾವಣದ ಜಿಟಿಜಿಟಿ ನಿಂತಿತ್ತು. ರಸ್ತೆಯ ಎರಡೂ ಬದಿಗೆ ಕಬ್ಬು ಆಳೆತ್ತರ ನಿಂತು ಗಾಳಿ ಕಟ್ಟಿಹಾಕಿತ್ತು. ಮಹಾಲಿಂಗಪುರದ ಬಸ್ಸೊಂದು ಕೆಸರು ಹಾರಿಸಿ ಮುಂದೆ ಹೋಯಿತು. ಸೀರೆಯ ನೆರಿಗೆಗೆ ಬಿದ್ದ ಕಲೆ ನೋಡುತ್ತ ಅವಳು, ಶಿವವ್ವ ಇಷ್ಟೊತ್ತಿಗೆ ಬಂದು ಹಿಟ್ಟು ನಾದುತ್ತಿರಬಹುದು, ಏನೂ ಆಗೇ ಇಲ್ಲವೆಂಬಂತೆ 'ಬರ್ರಿ ಬಾಯಾರ' ಎಂದು ತನ್ನನ್ನು ಕರೆಯಬಹುದು ಎಂದುಕೊಂಡಳು. ಹಾಗೆ ಅಂದುಬಿಟ್ಟರೆ ಎಷ್ಟು ಚೆನ್ನ. ಆಗ ಹೋದ ಶುಕ್ರವಾರವೇ ಇರುವುದಿಲ್ಲ. ಆದರೆ ಶುಕ್ರವಾರ ಇತ್ತು. ಶ್ರಾವಣ ಶುಕ್ರವಾರ, ರೊಟ್ಟಿ ಮನೆಯ ಮೊದಲ ಅರಿಷಿಣ-ಕುಂಕುಮ. ಬೆಳಿಗ್ಗೆಯೇ ಎಲ್ಲರೆದುರು ಅವಳು ಘೋಷಿಸಿದ್ದಳು: "ಇಲ್ಲಿ ಮುತ್ತೈದಿ, ಮುತ್ತೈದಿ ಅಲ್ಲದಾಕಿ ಅಂತ ಏನೂ ಇಲ್ಲ. ಎಲ್ಲಾರೂ ಸಾಲಾಗಿ ಕೂಡ್ರಿ. ಎಲ್ಲಾರಿಗೂ ಹಚ್ಚತೀನಿ." ರುಕ್ಮವ್ವ ಮತ್ತು ಇನ್ನೊಬ್ಬಳು, ಇಬ್ಬರೂ ಗಂಡನಿಲ್ಲದವರು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದೆ ಸರಿದು ಹಿಟ್ಟಿನ ಚೀಲಗಳ ಹತ್ತಿರ ಕೂತರು. ಅವರಂತೆಯೇ ಗಂಡನಿಲ್ಲದ ಶಿವವ್ವ ಮಾತ್ರ ನಂಬಿದಳು. ಹಣೆಯ ಮೇಲಿನ ವಿಭೂತಿ ಹಾಗೇ ಇದ್ದಂತೆಯೇ ಸೆರಗು ಸರಿಮಾಡಿಕೊಂಡು ಸಾಲಿನ ನಡುವೆ ಬಂದು ಕೂತಳು.

ಶುಭದಾ ಬಟ್ಟಲು ಹಿಡಿದು ಬಗ್ಗಿ ಬಗ್ಗಿ ಹಚ್ಚುತ್ತ ಬಂದಳು. ರೊಟ್ಟಿ ಬಡಿಯುವ ಶೇವಂತಿಯ ಹಣೆಗೆ ಹಚ್ಚಿದಳು. ಮುಂದೆ ಶಿವವ್ವ. ಶಿವವ್ವ ಕಣ್ಣು ಮುಚ್ಚಿ, ಗದ್ದ ಮೇಲೆತ್ತಿ ಮುಖ ಕೊಟ್ಟಿದ್ದಳು. ಎಷ್ಟೋ ವರ್ಷಗಳ ಮೇಲೆ ಆ ಮುಖ ಹಾಗೆ ಮೇಲೆದ್ದಿತ್ತು, ತುಟಿಯ ಕೊನೆಯಲ್ಲಿ ಸಣ್ಣ ನಗು ಕೂಡ ಇತ್ತು. ಆಗ ಏನಾಯಿತೆಂದು ಶುಭದಾ ಅಂದಿನಿಂದ ಹುಡುಕುತ್ತಿದ್ದಾಳೆ. ತಾನು ಬೇಡ ಅಂದುಕೊಳ್ಳಲಿಲ್ಲ, ಅದು ಖಂಡಿತ. ಹೊದಿಕೆಯೊಂದು ಏರಿ ಇಳಿಯದೇ ನಿಂತದ್ದು ಕಣ್ಣೆದುರು ಬಂದಂತಾಯಿತು, ಅಷ್ಟೇ. ಕುಂಕುಮ ಹಿಡಿದ ಬೆರಳು ಶಿವವ್ವನ ಮುಖದ ಮುಂದಿನಿಂದ ಆಚೆಯವಳ ಹಣೆಗೆ ಹೋಗಿ ಕೂತಿತು. ಶಿವವ್ವ ಕಣ್ಣು ಮುಚ್ಚಿಕೊಂಡೇ ಇನ್ನೂ ಕಾಯುತ್ತಿದ್ದಳು. ಸಾಲಿನಲ್ಲಿದ್ದವರೆಲ್ಲ ಸುಮ್ಮನಾದರು. ಆ ಸುಮ್ಮನಿರುವಿಕೆ ಕೇಳಿಯೇ ಅವಳು ಕಣ್ಣು ತೆರೆದಿರಬೇಕು. ತೆರೆದವಳು ಯಾರನ್ನೂ ನೋಡದೆ ಗದ್ದ ಇಳಿಸಿ, ಸಕ್ಕರೆಗಾಗಿ ಅಂಗೈ ಮುಂದೆ ಮಾಡಿದಳು. ಶುಭದಾ ಬೇರೆಯವರಿಗಿಂತ ಹೆಚ್ಚು ಸಕ್ಕರೆ ಹಾಕಿದಳು. ಆ ಹೆಚ್ಚಿನ ಸಕ್ಕರೆ ನೆನಪಾದಾಗ ಸ್ಕೂಟಿಯ ಮೇಲೆಯೇ ಅವಳು ಸಣ್ಣಗೆ ನರಳಿದಳು. ಬಾಯಿ ತಪ್ಪಿ ಬಂದ ಮಾತಾಗಿದ್ದರೆ ಹಿಂದೆ ತೆಗೆದುಕೊಳ್ಳಬಹುದಿತ್ತು. ದಾಟಿ ಹೋದ ಕೈಯನ್ನು ಎಲ್ಲಿಂದ ತರುವುದು.

ರೊಟ್ಟಿ ಮನೆಯಲ್ಲಿ ಬಡಿಯುವ ಸಪ್ಪಳ ಆಗಲೇ ಶುರುವಾಗಿತ್ತು. ಹಂಚುಗಳ ಮುಂದೆ ಸಾಲಾಗಿ ಕೂತ ಬೆನ್ನುಗಳನ್ನು ಅವಳು ಬಾಗಿಲಲ್ಲೇ ಎಣಿಸಿದಳು. ಶಿವವ್ವನ ಹಂಚು ಆರಿತ್ತು. "ಇವತ್ತೂ ಬಂದಿಲ್ಲೇನು?" ಎಂದು ಆದಷ್ಟು ಸಾದಾ ದನಿಯಲ್ಲಿ ಕೇಳಿದಳು. ಶೇವಂತಿ ರೊಟ್ಟಿ ತಿರುವಿ ಹಾಕುತ್ತ, "ಇಲ್ರಿ ಬಾಯಾರ. ಮನ್ಯಾಗ ಕಂಡಿಕಿ ಸುತ್ತಾಕತ್ತಾಳಂತ. ಮೈಯಾಗ ಆರಾಮಿಲ್ಲ ಅಂತ ಹೇಳಿ ಕಳಿಸ್ಯಾಳ" ಎಂದಳು. ಆರಾಮಿಲ್ಲದವಳು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂರುವುದಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಿಂದಿನ ಮೂಲೆಯಿಂದ ರುಕ್ಮವ್ವ, ಯಾರಿಗೂ ಅಲ್ಲವೆಂಬಂತೆ, "ನಾ ಅಕಿಗೆ ಹೇಳಿದ್ದೆ. ಮುಂದ ಹೋಗಿ ಕುಂದರಬ್ಯಾಡ ಬೇ ಅಂದಿದ್ದೆ. ಬಾಯಾರು ಕರದಾರ, ಹೋಗಲಿಲ್ಲಂದ್ರ ಅವರಿಗೆ ಬ್ಯಾಸರಾಗ್ತೈತಿ ಅಂದ್ಲು" ಎಂದಳು. ಮತ್ತೆ ಎಲ್ಲರೂ ರೊಟ್ಟಿ ಬಡಿಯತೊಡಗಿದರು. ಶುಭದಾ ಅಲ್ಲೇ ನಿಂತಳು. ಶಿವವ್ವ ಕುಂಕುಮದ ಆಸೆಗೆ ಮುಂದೆ ಬರಲಿಲ್ಲವೇ? ತನಗೆ ಬೇಸರವಾಗದಿರಲಿ ಎಂದು ಬಂದಳೇ? ಹಾಗಿದ್ದರೆ ತುಟಿಯ ಕೊನೆಯಲ್ಲಿದ್ದ ನಗು ಯಾವುದು? ಈಗ ಷರತ್ತಿನ ಪ್ರಕಾರ ಫೋನು ತೆಗೆದು ಗಿರಿಮಲ್ಲಪ್ಪನವರಿಗೆ ಬರುತ್ತೇನೆ ಎಂದುಬಿಡಬೇಕು. ಗಾಜಿನ ಕ್ಯಾಬಿನ್ನು, ಫ್ಯಾನು, ಸಂಜೆಯಾದರೆ ಮನೆ. ಅಲ್ಲಿ ಯಾರ ಹಣೆಯನ್ನೂ ಮುಟ್ಟಬೇಕಾಗಿಲ್ಲ. ಆದರೆ ಹರಕೆಯನ್ನು ನಡುವೆ ಬಿಟ್ಟರೆ? ಕೇಳಿಸಿಕೊಂಡ ಆ ಯಾರೋ, ಹೊದಿಕೆಯನ್ನು ಏರಿಸಿ ಇಳಿಸುತ್ತಿರುವವರು, ಸುಮ್ಮನಿರುತ್ತಾರೆಯೇ? ಷರತ್ತು ಹಾಕುವಾಗ ಇದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಥವಾ ಶಿವವ್ವ ಬರುವುದೆಂದರೆ ತಾನಾಗಿಯೇ ಬರಬೇಕೆಂದೇನೂ ಹೇಳಿರಲಿಲ್ಲವಲ್ಲ, ಹೋಗಿ ಕರೆತಂದರೂ ಬಂದಂತೆಯೇ ಎಂದು ತನಗೆ ತಾನೇ ಸಡಿಲು ಕೊಟ್ಟುಕೊಂಡು ಸ್ಕೂಟಿ ತಿರುಗಿಸಿದಳು.

ರಬಕವಿಯ ಆ ಓಣಿಯಲ್ಲಿ ಪ್ರತಿ ಮನೆಯೊಳಗೂ ಮಗ್ಗ ಓಡುತ್ತಿತ್ತು. ನೆಲವೇ ಅದುರುತ್ತಿತ್ತು. ಶಿವವ್ವನ ಮೈದುನನ ಮನೆಯ ಮುಂದಿನ ಅಂಕಣದಲ್ಲಿ ಎರಡು ಪವರ್‌ಲೂಮು, ಅವುಗಳ ಹಿಂದಿನ ಬೆಳಕಿಲ್ಲದ ಕೋಣೆಯ ಬಾಗಿಲಲ್ಲಿ ಶಿವವ್ವ ರಾಟಿಯ ಮುಂದೆ ಕೂತಿದ್ದಳು. ಶುಭದಾಳನ್ನು ಕಂಡು ಎದ್ದು ನಿಂತಳು. ಬಾಯಿ ಆಡಿದ್ದು ಕಾಣಿಸಿತು, ಏನೆಂದಳೋ ಕೇಳಿಸಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತುಗಳು ಮಗ್ಗದ ಸದ್ದಿಗೆ ಚೆಲ್ಲಾಪಿಲ್ಲಿಯಾದವು. ಶುಭದಾ ಕೂಗಿ ಹೇಳಿದಳು, ಶಿವವ್ವ ಕಿವಿಗೆ ಕೈ ಹಚ್ಚಿ ಕೇಳಿಸಲಿಲ್ಲವೆಂದಳು. ಇನ್ನೂ ದೊಡ್ಡದಾಗಿ ಕೂಗಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಗೆ ಓಣಿಯೇ ಒಮ್ಮೆಲೆ ನಿಂತುಬಿಟ್ಟಿತು. "ನನ್ನಿಂದ ತಪ್ಪಾತ್ರಿ ಶಿವವ್ವಾರ" ಎಂಬ ಅವಳ ಕೂಗು ಮಾತ್ರ ಒಂಟಿಯಾಗಿ ಆ ನಿಶ್ಶಬ್ದದಲ್ಲಿ ಉಳಿಯಿತು. ಮಗ್ಗದ ಮುಂದಿದ್ದ ಮೈದುನ ತಿರುಗಿ ನೋಡಿದ. ಎದುರು ಮನೆಯ ಬಾಗಿಲಿಗೆ ಒಬ್ಬಳು ಬಂದು ನಿಂತಳು. ಮಹಿಳಾ ಮಂಡಳದಲ್ಲಿ ಮೈಕು ಹಿಡಿದು ನಿಂತಾಗಲೂ ಇಷ್ಟು ಸ್ಪಷ್ಟವಾಗಿ ಅವಳ ದನಿ ಯಾರಿಗೂ ಕೇಳಿಸಿರಲಿಕ್ಕಿಲ್ಲ. "ಒಳಗ ಬರ್ರಿ ಬಾಯಾರ, ಹೊರಗ ಯಾಕ ನಿಂತ್ರಿ" ಎಂದು ಶಿವವ್ವ ಚಾಪೆ ಹಾಸಿದಳು.

ನೀರು ಕೊಟ್ಟಳು. ಶುಭದಾ ಗಟಗಟ ಕುಡಿದಳು. ಕುಡಿಯುತ್ತಿದ್ದೇನೆ, ಪೂರ್ತಿ ಕುಡಿಯುತ್ತಿದ್ದೇನೆ ಎಂದು ತೋರಿಸಲೆಂದೇ ಹಾಗೆ ಕುಡಿಯುತ್ತಿದ್ದೇನೆಯೇ ಎಂಬ ಅನುಮಾನ ಬಂದು ಕೊನೆಯ ಗುಟುಕು ನೆತ್ತಿಗೇರಿತು. "ಮೈಯಾಗ ಛಲೋ ಇರಲಿಲ್ರಿ, ಅದಕ್ಕ ಬರಲಿಲ್ಲ" ಎಂದಳು ಶಿವವ್ವ. ದಾರಿ ಬಿಟ್ಟುಕೊಟ್ಟಂತಿತ್ತು ಆ ಮಾತು. ಹಾಗೇನು, ಗುಳಿಗೆ ತಗೊಂಡಿರೇನು, ನಾಳೆ ಬನ್ನಿ ಎಂದು ಎದ್ದುಬಿಟ್ಟರೆ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು. ಶುಭದಾ ಏಳಲಿಲ್ಲ. "ಶುಕ್ರವಾರ ನಾ ನಿಮ್ಮನ್ನ ದಾಟಿ ಹೋದೆ" ಎಂದಳು. "ಹಚ್ಚತೀನಿ ಅಂತ ನಾನಽ ಕರದು ಕೂಡಿಸಿ, ದಾಟಿ ಹೋದೆ. ಯಾಕಂತ ನನಗೂ ತಿಳೀವಲ್ದು."

ಶಿವವ್ವ ಕೈಯಲ್ಲಿದ್ದ ಕಂಡಿಕೆಯ ನೂಲನ್ನು ಉಗುರಿನಿಂದ ಬಿಗಿ ಮಾಡಿದಳು. ಆಮೇಲೆ, "ಸಾಹೇಬರಿಗೆ ಈಗ ಹೆಂಗೈತ್ರಿ?" ಎಂದು ಕೇಳಿದಳು.

"ಆರಾಮ ಇದ್ದಾರ" ಎಂದು ಶುಭದಾ ಬೇಸರದಿಂದಲೇ ಹೇಳಿದಳು. ಮಾತು ಬೇರೆ ಕಡೆ ಎಳೆಯುತ್ತಿದ್ದಾಳೆ ಎಂದುಕೊಂಡಳು. ಹೇಳಿ ಮುಗಿಸುವಷ್ಟರಲ್ಲಿ ಗೊತ್ತಾಯಿತು, ಶಿವವ್ವ ಮಾತು ಎಲ್ಲಿಗೂ ಎಳೆದಿಲ್ಲ. ಐದು ದಿನ ಕನ್ನಡಿ ಮುಂದೆ, ಸ್ಕೂಟಿಯ ಮೇಲೆ ತಾನು ಹುಡುಕಿದ ಕಾರಣವನ್ನು, ಗಂಡನ ಜೀವದ ಆ ಭಯವನ್ನು, ಈ ಹೆಂಗಸು ಆ ಶುಕ್ರವಾರ ಕಣ್ಣು ತೆರೆದ ಗಳಿಗೆಯಲ್ಲೇ ಕಂಡಿದ್ದಳು. ಶುಭದಾಳ ಮುಖ ಉರಿಯಿತು.

"ನಮ್ಮ ಯಜಮಾನ್ರನ್ನ ಮಿರಜಿ ದವಾಖಾನಿಂದ ಮನಿಗೆ ತಂದಿದ್ವಿರಿ" ಎಂದಳು ಶಿವವ್ವ. "ಬಾಜೂ ಮನಿ ಪಾರವ್ವ ದಿನಾ ಬುತ್ತಿ ಕಟಗೊಂಡ ಬರ್ತಿದ್ಲು. ಅಕೀಗೆ ಗಂಡ ಇದ್ದಿಲ್ಲ. ನಾ ಬುತ್ತಿ ಇಸಗೊಂತಿದ್ದೆ, ಛಲೋ ಮಾತಾಡ್ತಿದ್ದೆ. ಅಕಿ ಹ್ವಾದಮ್ಯಾಲೆ ಹಿತ್ತಲದಾಗ ಒಯ್ದು ದನಕ್ಕ ಹಾಕ್ತಿದ್ದೆ. ಅವರಿಗೆ ಒಂದ ದಿನಾನೂ ಉಣಸಲಿಲ್ರಿ."

"ಅಕಿಗೆ ಗೊತ್ತಾಗಲಿಲ್ಲೇನು?"

"ಗೊತ್ತಿರದ ಏನ್ರಿ. ಒಮ್ಮೆ ಹಿತ್ತಲದಾಗ ನೋಡಿದ್ಲು. ಆದ್ರೂ ಮರದಿನ ತಂದ್ಲು." "ದನ ಗಟ್ಟಿಯಾತು, ಅವರು ಉಳೀಲಿಲ್ಲ" ಎಂದು ಸೇರಿಸಿದಳು.

ಶುಭದಾ ಅವಳ ಮುಖ ನೋಡಿದಳು. ಕ್ಷಮಿಸುತ್ತಿದ್ದಾಳೆಯೇ, ಚುಚ್ಚುತ್ತಿದ್ದಾಳೆಯೇ, ಬರೀ ನೆನಪು ಹೇಳುತ್ತಿದ್ದಾಳೆಯೇ? ಹೊರಗೆ ಮೈದುನ ಬೀಡಿ ಹಚ್ಚಿ ಕರೆಂಟಿಗೆ ಕಾಯುತ್ತಿದ್ದ. "ನನ್ನ ಮ್ಯಾಲೆ ಸಿಟ್ಟಿದ್ರ ಬೈರಿ" ಎಂದು ಶುಭದಾ ಗೋಗರೆದಳು. ಬೈಸಿಕೊಂಡರೆ ಲೆಕ್ಕ ಚುಕ್ತಾ ಆಗುತ್ತದೆಂಬ ಆಸೆ ಅದರಲ್ಲಿತ್ತು.

"ನಿಮ್ಮ ಮ್ಯಾಲೆ ಇಲ್ರಿ. ನನ್ನ ಮ್ಯಾಲೆ ನನಗ ಸಿಟ್ಟು. ಮಾರಿ ಯಾಕ ಎತ್ತಿದೆ ಅಂತ. ಎಲ್ಲಾರ ಮುಂದ ಸಣ್ಣ ಹುಡುಗಿ ಹಂಗ ಕಣ್ಣ ಮುಚಗೊಂಡು ಕುಂತಿದ್ನೆಲ್ರಿ, ಅದು ಹೋಗವಲ್ದು ಮನಸ್ಸಿನ್ಯಾಗಿಂದ." ಶಿವವ್ವ ರಾಟಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿ ಬಿಟ್ಟಳು. "ಬರ್ತೇನ್ರಿ ನಾಳಿಂದ. ಕಂಡಿಕಿ ಸುತ್ತಿದ್ರ ಹೊಟ್ಟಿ ತುಂಬಂಗಿಲ್ಲ. ಮತ್ತ ನಿಮ್ಮಲ್ಲಿ ನಾಕ ಮಂದಿ ಕೂಡ ಕುಂತು ಮಾತಾಡಿ ರೂಢಿ ಆಗೇತಿ. ಶುಕ್ರವಾರ ಒಂದ ದಿನ ಅಷ್ಟ ರಜಾ ಕೊಡ್ರಿ."

"ಆತು" ಎಂದಳು ಶುಭದಾ.

ಎಷ್ಟು ಬೇಗ ಅಂದುಬಿಟ್ಟಳೆಂದರೆ, ಶಿವವ್ವ 'ಕೊಡ್ರಿ' ಎಂಬುದನ್ನು ಪೂರ್ತಿ ಅಂದಿದ್ದಳೋ ಇಲ್ಲವೋ. ಶಿವವ್ವ ತಲೆಯೆತ್ತಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಹಿತ್ತಲಲ್ಲಿ ದನದ ಮುಂದೆ ಬುತ್ತಿ ಬಿಚ್ಚಿದ್ದನ್ನು ನೋಡಿದ ಪಾರವ್ವ ಹೀಗೇ ನೋಡಿರಬೇಕು. "ಅಲ್ಲ, ಹಂಗಲ್ಲ" ಎಂದು ಶುಭದಾ ತಡವರಿಸಿದಳು. "ಶುಕ್ರವಾರನೂ ಬರ್ರಿ. ಪೂಜಿನ ಬಿಟ್ಟಬಿಡ್ತೀನಿ. ಅಥವಾ ನೀವು ಬರ್ರಿ, ನಾ ಖರೇನ ಈ ಸರ್ತಿ..." ಈ ಸರ್ತಿ ಹಚ್ಚುತ್ತೇನೆ ಎಂಬ ಆ ಒಂದು ಮಾತು, ಇಷ್ಟು ಸಣ್ಣ ಮಾತು, ಬಾಯಿಂದ ಹೊರಡಲಿಲ್ಲ. ಶಿವವ್ವ ಕಾದಳು. ಸ್ವಲ್ಪ ಹೆಚ್ಚೇ ಕಾದಳು. ಆಮೇಲೆ, "ಇರ್ಲಿ ಬಿಡ್ರಿ ಬಾಯಾರ. ಪೂಜಿ ಯಾಕ ಬಿಡ್ತೀರಿ. ಶುಕ್ರವಾರ ನನಗೂ ಮನ್ಯಾಗ ಕೆಲಸ ಇರ್ತಾವು" ಎಂದಳು. ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೇ ಬಡಿಯತೊಡಗಿದವು. ಇನ್ನು ಏನೇ ಹೇಳಿದರೂ ಕೂಗಿ ಹೇಳಬೇಕಿತ್ತು. ಶಿವವ್ವ ಕೈಮುಗಿದು ರಾಟಿಯ ಮುಂದೆ ಕೂತಳು.

ಓಣಿಯ ಬಾಯಿಗೆ ಬಂದು ಸದ್ದು ಕಡಿಮೆಯಾದ ಕಡೆ ಶುಭದಾ ಫೋನು ತೆಗೆದಳು. ಷರತ್ತು ಷರತ್ತೇ. ಇವತ್ತಲ್ಲದಿದ್ದರೆ ನಾಳೆ, ಶಿವವ್ವ ಬರುತ್ತೇನೆ ಎಂದಿದ್ದಾಳೆ. "ನಾ ಬ್ಯಾಂಕಿಗೆ ತಿರುಗಿ ಬರೂದಿಲ್ರಿ ಸರ್" ಎಂದು ಗಿರಿಮಲ್ಲಪ್ಪನವರಿಗೆ ಹೇಳಿದಳು. ಅವರು "ಛಲೋ ವಿಚಾರ ಮಾಡೀರಲ್ರೀ ಮೇಡಂ? ಆಮ್ಯಾಲೆ ಏನೂ ಮಾಡಾಕ ಬರಂಗಿಲ್ಲ" ಎಂದರು. ಮಾಡೀನ್ರಿ ಎಂದಳು. "ಅಲ್ಲೆ ಎಲ್ಲಾ ಸುಸೂತ್ರ ನಡದೈತಲ್ರಿ?" "ನಡದದರಿ." "ನಿಮ್ಮಂಥವರು ಬೇಕ್ರಿ ಮೇಡಂ. ಪಾಪ, ಆ ಹೆಣಮಕ್ಕಳಿಗೆ ಯಾರು ಇರ್ತಾರ" ಎಂದು ಅವರು ಮನಸ್ಸಿನಿಂದಲೇ ಹೇಳಿ ಫೋನು ಇಟ್ಟರು. ಅವಳು ಫೋನನ್ನು ಚೀಲಕ್ಕೆ ಹಾಕಿ ಸ್ಕೂಟಿಯ ಮೇಲೆ ಕೂತಳು. ನೌಕರಿ ಹೋಯಿತು, ಅದು ತಿಳಿಯಿತು, ಆದರೆ ಅದರ ಭಾರವೇನೂ ಮೈಮೇಲೆ ಬೀಳಲಿಲ್ಲ. ನಾಳೆ ಶಿವವ್ವ ಬರುತ್ತಾಳೆ. ನಾಡಿದ್ದು ಬರುವುದಿಲ್ಲ. ನಾಡಿದ್ದು ಶುಕ್ರವಾರ, ಬಟ್ಟಲು ಹಿಡಿದು ಸಾಲಿನಲ್ಲಿ ಬರುವಾಗ ನಡುವೆ ಯಾರೂ ಕಣ್ಣು ಮುಚ್ಚಿ ಮುಖ ಎತ್ತಿರುವುದಿಲ್ಲ, ಯಾರನ್ನೂ ದಾಟಬೇಕಾಗಿಲ್ಲ. ಅದು ಹೊಳೆದದ್ದೇ ಅವಳ ಮೈಯೆಲ್ಲ ಹಗುರಾಯಿತು. ಹೀಗೆ ಹಗುರಾದದ್ದು ಬೆಳಗಾವಿಯಲ್ಲಿ ಕೌಸ್ತುಭ ಎದ್ದು ಕೂತ ದಿನ ಮಾತ್ರ. ಅಷ್ಟು ಹಗುರಾದದ್ದಕ್ಕೇ ಅವಳಿಗೆ ಅಳು ಬಂತು, ಹೋಗಿಬರುವ ಮಂದಿ ನೋಡುತ್ತಿದ್ದರೂ ಮುಖ ಮುಚ್ಚಿಕೊಳ್ಳದೆ ಅಲ್ಲೇ ಕೂತು ಅತ್ತಳು.